ವಾನರ ಮರಿ ತಾಯಿಹಾಲು ಬಿಟ್ಟಿದ್ದು ಯಾವಾಗ? ಹಲ್ಲಿನಿಂದ ಪತ್ತೆ ಹಚ್ಚುವ ಬಗೆ, ಒಂದೊಂದೇ ಹೆಜ್ಜೆಯಾಗಿ

ಬೋರ್ನಿಯೋ ಕಾಡಿನಲ್ಲಿ ಸಂಜೆಯಾಗುತ್ತಿದ್ದಂತೆ ಒರಾಂಗುಟಾನ್ ತಾಯಿ ಮರದ ಮೇಲೆ ಕೊಂಬೆ ಬಗ್ಗಿಸಿ, ಎಲೆ ಹಾಸಿ ಗೂಡು ಕಟ್ಟುತ್ತಾಳೆ. ಮರಿಯೂ ಅವಳ ಜೊತೆ ಒಳಗೆ ಸೇರುತ್ತದೆ. ಬೆಳಗ್ಗೆಯಿಂದ ಕತ್ತೆತ್ತಿ ನೋಡುತ್ತಾ ಕೆಳಗೆ ನಿಂತ ಸಂಶೋಧಕರಿಗೆ ಅಲ್ಲಿಂದ ಮುಂದೆ ಏನೂ ಕಾಣುವುದಿಲ್ಲ. ರಾತ್ರಿ ಮರಿ ಹಾಲು ಕುಡಿಯಿತಾ? ಸುಮ್ನೆ ಮೊಲೆ ಬಾಯಲ್ಲಿಟ್ಟುಕೊಂಡು ನಿದ್ದೆ ಹೋಯಿತಾ? ಹಗಲಿನಲ್ಲೇ ಇದನ್ನು ಹೇಳುವುದು ಕಷ್ಟ. ಇನ್ನು ಕತ್ತಲಲ್ಲಿ, ಅಷ್ಟು ಎತ್ತರದ ಗೂಡಿನೊಳಗೆ ಯಾರು ನೋಡಬೇಕು?

ಆದರೆ ಮರಿಯ ಬಾಯೊಳಗೆ ಒಂದು ಲೆಕ್ಕದ ಪುಸ್ತಕ ಇದೆ. ಬೆಳೆಯುತ್ತಿರುವ ಹಲ್ಲು ಪ್ರತಿ ದಿನ ಒಂದು ತೆಳು ಪದರ ಕಟ್ಟಿಕೊಳ್ಳುತ್ತದೆ. ಆ ಕಾಲದಲ್ಲಿ ರಕ್ತದಲ್ಲಿ ಏನಿತ್ತೋ ಅದರ ಗುರುತು ಆ ಪದರದಲ್ಲಿ ಉಳಿದುಬಿಡುತ್ತದೆ. ಮೂಳೆ ಹಾಗಲ್ಲ. ಅದು ಜೀವನಪೂರ್ತಿ ಒಡೆದು ಹೊಸದಾಗಿ ಕಟ್ಟಿಕೊಳ್ಳುತ್ತಲೇ ಇರುತ್ತದೆ. ಹಲ್ಲು ಒಮ್ಮೆ ಬರೆದದ್ದನ್ನು ಅಳಿಸುವುದಿಲ್ಲ.

ಈ ಪುಸ್ತಕ ಓದುವ ಕ್ರಮವನ್ನೇ ಇಲ್ಲಿ ಹೇಳುತ್ತಿದ್ದೇನೆ. ಮನೆಯಲ್ಲಿ ಮಾಡುವ ಪ್ರಯೋಗ ಅಲ್ಲ ಇದು, ಲ್ಯಾಬ್ ಬೇಕು, ದುಬಾರಿ ಯಂತ್ರ ಬೇಕು. ಆದರೂ ಹೆಜ್ಜೆಗಳು ಗೊತ್ತಿದ್ದರೆ ಹಲ್ಲಿನಲ್ಲಿ ಯಾವ ಧಾತು ಎಲ್ಲಿ ಎಷ್ಟಿದೆ ಎಂದು ತೋರಿಸುವ ಯಾವ ನಕ್ಷೆ ಕಣ್ಣಿಗೆ ಬಿದ್ದರೂ ಅದನ್ನು ಎಷ್ಟು ನಂಬಬಹುದು ಎಂದು ನೀವೇ ಅಳೆಯಬಹುದು. ಇನ್ನೊಂದು ಮಾತು: ವಾನರ ಅಂದರೆ ಇಲ್ಲಿ ಬಾಲವಿಲ್ಲದ ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್, ಗಿಬ್ಬನ್‌ಗಳು. ನಮ್ಮೂರ ಚಾವಣಿ ಮೇಲೆ ಓಡಾಡುವ ಕೋತಿ ಈ ಗುಂಪಿಗೆ ಸೇರಿದ್ದಲ್ಲ.

ಹೆಜ್ಜೆ 1: ಮೊದಲು ಪ್ರಶ್ನೆಯನ್ನು ಸರಿ ಮಾಡಿಕೊಳ್ಳಿ

ನಮ್ಮ ಮನೆಗಳನ್ನೇ ನೋಡಿ. ಆರು ತಿಂಗಳ ಹೊತ್ತಿಗೆ ಮಗುವಿಗೆ ರಾಗಿ ಸರಿ ಶುರುವಾಗುತ್ತದೆ. ಹಾಗಂತ ಹಾಲು ನಿಲ್ಲುವುದಿಲ್ಲ. ಅನ್ನ, ಇಡ್ಲಿ ಎಲ್ಲ ತಿನ್ನುತ್ತಾ, ಜೊತೆಗೆ ಹಾಲನ್ನೂ ಕುಡಿಯುತ್ತಾ ವರ್ಷ, ಎರಡು ವರ್ಷ ಕಳೆಯುತ್ತದೆ. ಕೊನೆಗೆ ಒಂದು ದಿನ ಅಜ್ಜಿ ಬೇವಿನ ಎಲೆ ಅರೆದು ಕೊಟ್ಟು "ಹಚ್ಚಿಕೋ, ಬಿಡುತ್ತೆ" ಅನ್ನುತ್ತಾರೆ. ಹಾಗಾದರೆ ಮಗು ಮೊಲೆ ಬಿಟ್ಟಿದ್ದು ಯಾವಾಗ? ರಾಗಿ ಸರಿಯ ದಿನವಾ, ಬೇವಿನ ದಿನವಾ?

ವಾನರಗಳ ವಿಷಯದಲ್ಲೂ ಇದೇ ಗೊಂದಲ. ಅದಕ್ಕೆ ಕಾಗದದಲ್ಲಿ ಮೊದಲೇ ಮೂರು ಸಾಲು ಬರೆದಿಟ್ಟುಕೊಳ್ಳಿ. ಒಂದು, ಹಾಲಿನ ಜೊತೆ ಬೇರೆ ಆಹಾರ ಶುರುವಾದದ್ದು. ಎರಡು, ಹೊಟ್ಟೆ ತುಂಬಿಸುವ ಕೆಲಸ ಹಾಲಿನಿಂದ ಬೇರೆ ಆಹಾರಕ್ಕೆ ದಾಟಿದ್ದು. ಮೂರು, ಕೊನೆಯ ಸಲ ಹಾಲು ಕುಡಿದದ್ದು. ಈ ಮೂರರ ನಡುವೆ ವರ್ಷಗಳ ಅಂತರ ಇರಬಹುದು. "ಇಂಥ ಪ್ರಾಣಿ ಇಷ್ಟು ವರ್ಷಕ್ಕೆ ಹಾಲು ಬಿಡುತ್ತದೆ" ಎಂದು ಯಾರಾದರೂ ಒಂದೇ ಅಂಕಿ ಕೊಟ್ಟರೆ, ಇವುಗಳಲ್ಲಿ ಯಾವುದರ ಮಾತು ಎಂದು ಕೇಳಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹೆಜ್ಜೆ 2: ಹಲ್ಲು ಆರಿಸಿ

ಮೊದಲ ಆಯ್ಕೆ ಮೊದಲನೇ ಶಾಶ್ವತ ದವಡೆ ಹಲ್ಲು. ಅದು ಬಾಯಲ್ಲಿ ಕಾಣಿಸಿಕೊಳ್ಳುವುದು ವರ್ಷಗಳ ಮೇಲೆ, ಆದರೆ ಒಸಡಿನೊಳಗೆ ಕಟ್ಟಿಕೊಳ್ಳಲು ಶುರುಮಾಡುವುದು ಮರಿ ಹುಟ್ಟುವ ಮೊದಲೇ. ಹಾಗಾಗಿ ಹುಟ್ಟು ಮತ್ತು ಮೊದಲ ವರ್ಷಗಳು ಇದರಲ್ಲಿ ಪೂರ್ತಿ ಸಿಗುತ್ತವೆ. ಸುಮಾರು ಮೂರು ವರ್ಷಕ್ಕೆ ಅದರ ಮೇಲ್ಭಾಗ ಮುಗಿಯುತ್ತದೆ, ಬೇರು ಇನ್ನೂ ಬೆಳೆಯುತ್ತಿರುತ್ತದೆ. ಒರಾಂಗುಟಾನ್‌ನಂತೆ ತಡವಾಗಿ ಹಾಲು ಬಿಡುವ ಪ್ರಾಣಿಗೆ ಈ ಒಂದು ಹಲ್ಲು ಸಾಲದು. ಅದೇ ಪ್ರಾಣಿಯ ಎರಡನೇ, ಮೂರನೇ ದವಡೆ ಹಲ್ಲುಗಳೂ ಬೇಕು. ಒಂದು ಪುಸ್ತಕ ಮುಗಿಯುವ ಮೊದಲೇ ಇನ್ನೊಂದು ಶುರುವಾಗಿರುತ್ತದೆ, ಆ ಕಾಲ ಎರಡರಲ್ಲೂ ದಾಖಲಾಗಿರುವುದರಿಂದ ಜೋಡಿಸಲು ಕಷ್ಟವಾಗುವುದಿಲ್ಲ.

ಹಲ್ಲು ಎಲ್ಲಿಂದ ತರುವುದು? ಬದುಕಿರುವ ಪ್ರಾಣಿಯಿಂದಂತೂ ಅಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಕಾಲದಲ್ಲಿ ಬೇಟೆಯಾಡಿ ತಂದ ತಲೆಬುರುಡೆಗಳಿವೆ. ಕೆಲವು ಕಾಡುಗಳಲ್ಲಿ ಸಂಶೋಧಕರು ವರ್ಷಗಟ್ಟಲೆ ಗಮನಿಸಿದ ಪ್ರಾಣಿ ಸತ್ತಾಗ ಅದರ ಅಸ್ಥಿಯನ್ನು ಕಾದಿಡುತ್ತಾರೆ. ಎರಡನೆಯದು ಚಿನ್ನ, ಏಕೆಂದರೆ ಹುಟ್ಟಿದ ದಿನಾಂಕ, ತಾಯಿ ಯಾರು, ಯಾವ ವರ್ಷ ಹಣ್ಣು ಕಡಿಮೆ ಇತ್ತು ಎಂಬುದೆಲ್ಲ ಗೊತ್ತಿರುತ್ತದೆ. ಮೊದಲನೆಯದಕ್ಕೆ ಇರುವುದು ಒಂದು ಚೀಟಿ ಅಷ್ಟೇ. ಕಾಡಿನಲ್ಲಿ ಬೆಳೆದದ್ದು ಎಂದು ಆ ಚೀಟಿಯಲ್ಲಿ ಖಚಿತವಾಗಿ ಇಲ್ಲದಿದ್ದರೆ ಆ ಹಲ್ಲು ಬೇಡ. ಮೃಗಾಲಯದಲ್ಲಿ ಬಾಳೆಹಣ್ಣು ತಿಂದು ಬೆಳೆದ ಮರಿಯ ಹಲ್ಲು ಕಾಡಿನ ಕತೆ ಹೇಳುವುದಿಲ್ಲ.

ಹೆಜ್ಜೆ 3: ಕೊಯ್ಯಿರಿ

ಕೊಯ್ಯುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದು, ಅಚ್ಚು ಮಾಡಿಟ್ಟುಕೊಳ್ಳಿ. ಆಮೇಲೆ ಹಲ್ಲನ್ನು ರಾಳದಲ್ಲಿ ಹುದುಗಿಸಿ, ವಜ್ರದ ಅಲಗಿನ ನಿಧಾನ ಗರಗಸದಿಂದ ಉದ್ದಕ್ಕೆ ಸೀಳುತ್ತಾರೆ. ಗರಗಸ ಹಲ್ಲಿನ ಶಿಖರದ ತುದಿ ಮತ್ತು ಅದರ ಕೆಳಗಿನ ಡೆಂಟಿನ್‌ನ (ಹಲ್ಲಿನ ಒಳಭಾಗದ ಗಟ್ಟಿ ಪದಾರ್ಥ) ತುದಿ ಎರಡನ್ನೂ ಹಾದು ಹೋಗಬೇಕು. ಸ್ವಲ್ಪ ಓರೆಯಾದರೂ ಮೊದಲ ತಿಂಗಳುಗಳ ಪದರ ಕೈತಪ್ಪುತ್ತದೆ, ನಮಗೆ ಬೇಕಾದದ್ದೇ ಆ ತಿಂಗಳುಗಳು. ಕೊಯ್ದ ಹೋಳನ್ನು ಗಾಜಿನ ಮೇಲೆ ಅಂಟಿಸಿ, ಬೆಳಕು ಹಾಯುವಷ್ಟು ತೆಳುವಾಗುವ ತನಕ ಉಜ್ಜಿ ನುಣುಪು ಮಾಡುತ್ತಾರೆ. ಹಲ್ಲು ಒಂದೇ, ಗರಗಸ ಹಾಕಿದ ಮೇಲೆ ವಾಪಸ್ ಹೋಗುವ ದಾರಿ ಇಲ್ಲ. ಅವಸರದವರು ಇಲ್ಲಿ ಕೈ ಹಾಕಬಾರದು.

ಹೆಜ್ಜೆ 4: ದಿನ ಎಣಿಸಿ

ರಸಾಯನಶಾಸ್ತ್ರಕ್ಕೆ ಹಾರುವ ಮೊದಲು ಕ್ಯಾಲೆಂಡರ್ ಸಿದ್ಧವಾಗಬೇಕು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನಲ್ಲಿ ಎರಡು ಬಗೆಯ ಗೆರೆ ಕಾಣುತ್ತವೆ. ಒಂದು ತೀರಾ ಸಣ್ಣ ಅಡ್ಡಗೆರೆ, ದಿನಕ್ಕೊಂದು. ಎರಡು ಗೆರೆಗಳ ನಡುವಿನ ಅಂತರ ಕೆಲವೇ ಮೈಕ್ರೋಮೀಟರ್. ಇನ್ನೊಂದು ಸ್ವಲ್ಪ ದಪ್ಪದ ಓರೆ ಗೆರೆ, ಅದನ್ನು ರೆಟ್ಜಿಯಸ್ ಗೆರೆ ಎನ್ನುತ್ತಾರೆ. ಇದು ಕೆಲವು ದಿನಗಳಿಗೊಮ್ಮೆ ಬೀಳುತ್ತದೆ. ಚಿಂಪಾಂಜಿಗಳಲ್ಲಿ ಸಾಮಾನ್ಯವಾಗಿ 6–7 ದಿನಕ್ಕೊಮ್ಮೆ. ಮನುಷ್ಯರಲ್ಲಿ 6ರಿಂದ 12 ದಿನ, ಜಾಸ್ತಿ ಜನರಲ್ಲಿ 8. ಒಂದು ಪ್ರಾಣಿಯ ಎಲ್ಲ ಶಾಶ್ವತ ಹಲ್ಲುಗಳಲ್ಲೂ ಈ ಅಂತರ ಒಂದೇ ಇರುತ್ತದೆ, ಅದೇ ಇದರ ಅನುಕೂಲ.

ಎಣಿಕೆ ಹೀಗೆ. ಎರಡು ದಪ್ಪ ಗೆರೆಗಳ ನಡುವೆ ಎಷ್ಟು ಸಣ್ಣ ಗೆರೆ ಇವೆ ನೋಡಿ. 9 ಇವೆ ಅಂದುಕೊಳ್ಳಿ. ಹುಟ್ಟಿನಿಂದ ಒಂದು ಜಾಗದವರೆಗೆ 40 ದಪ್ಪ ಗೆರೆ ಸಿಕ್ಕರೆ 40 ಗುಣಿಸು 9, ಅಂದರೆ 360 ದಿನ. ಮರಿಗೆ ಆಗ ಹೆಚ್ಚು ಕಡಿಮೆ ಒಂದು ವರ್ಷ.

ಹುಟ್ಟು ಎಲ್ಲಿದೆ ಎಂದು ಹೇಗೆ ತಿಳಿಯುವುದು? ಇದು ನನಗೆ ತುಂಬಾ ಇಷ್ಟದ ಭಾಗ. ಹುಟ್ಟುವ ಹೊತ್ತಿನ ಏರುಪೇರಿಗೆ ದೇಹ ಎಷ್ಟು ಬೆಚ್ಚಿಬೀಳುತ್ತದೆ ಎಂದರೆ, ಹಲ್ಲಿನಲ್ಲಿ ಒಂದು ಗಾಢ ಗೆರೆ ಮೂಡಿಬಿಡುತ್ತದೆ. ಅದೇ ಹುಟ್ಟಿನ ಗೆರೆ. ಅದಕ್ಕಿಂತ ಮೊದಲಿನ ಪದರ ತಾಯಿಯ ಹೊಟ್ಟೆಯದು, ಆಮೇಲಿನದು ಹೊರಗಿನ ಬದುಕಿನದು. ಅದೇ ಸೊನ್ನೆ ದಿನ. ಕಾಯಿಲೆ, ಗಾಯ, ಹಸಿವು ಬಂದಾಗಲೂ ಇಂಥ ಗಾಢ ಗೆರೆಗಳು ಬೀಳುತ್ತವೆ. ಅವನ್ನೂ ಗುರುತು ಹಾಕಿಕೊಳ್ಳಿ, ಒಂದು ಹಲ್ಲಿನ ಕೊನೆಯನ್ನು ಇನ್ನೊಂದರ ಮೊದಲಿಗೆ ಜೋಡಿಸಲು ಕೊಂಡಿಯಾಗುತ್ತವೆ.

ಹೆಜ್ಜೆ 5: ಲೇಸರ್ ಹಾಯಿಸಿ

ಕೂದಲಿಗಿಂತ ತೆಳುವಾದ ಲೇಸರ್ ಕಿರಣ ಹಲ್ಲಿನ ಮೇಲೆ ಸಾಲು ಸಾಲಾಗಿ ಓಡುತ್ತದೆ, ಉತ್ತ ಗದ್ದೆಯ ಹಾಗೆ. ಅದು ಎಬ್ಬಿಸಿದ ಧೂಳನ್ನು ಅನಿಲ ಹೊತ್ತುಕೊಂಡು ಹೋಗಿ ಆರ್ಗಾನ್ ಪ್ಲಾಸ್ಮಾಕ್ಕೆ, ಅಂದರೆ ವಿಪರೀತ ಕಾದ ಆರ್ಗಾನ್ ಅನಿಲಕ್ಕೆ, ಸುರಿಯುತ್ತದೆ. ಸೂರ್ಯನ ಮೇಲ್ಮೈಗಿಂತ ಬಿಸಿಯಾದ ಆ ಜ್ವಾಲೆಯಲ್ಲಿ ಧೂಳು ಅಯಾನುಗಳಾಗಿ (ವಿದ್ಯುತ್ ಹೊತ್ತ ಪರಮಾಣುಗಳಾಗಿ) ಒಡೆಯುತ್ತದೆ. ಯಂತ್ರ ಅವನ್ನು ತೂಕದ ಪ್ರಕಾರ ಬೇರೆ ಮಾಡಿ ಎಣಿಸುತ್ತದೆ.

ನಾವು ಅಳೆಯುವುದು ಬೇರಿಯಂ ಮತ್ತು ಕ್ಯಾಲ್ಸಿಯಂನ ಅನುಪಾತ. ಒಂದು ಕಡೆ ಲೇಸರ್ ಜಾಸ್ತಿ ಕೊರೆದು ಇನ್ನೊಂದು ಕಡೆ ಕಡಿಮೆ ಕೊರೆದರೂ ಅನುಪಾತ ಕೆಡುವುದಿಲ್ಲ. ಇಲ್ಲೊಂದು ತಮಾಷೆ ಇದೆ. ಒಂದೇ ಧಾತುವಿನ ಪರಮಾಣುಗಳಲ್ಲೂ ಬೇರೆ ಬೇರೆ ತೂಕದವು ಇರುತ್ತವೆ. ಹಲ್ಲಿನ ಕ್ಯಾಲ್ಸಿಯಂನಲ್ಲಿ ಶೇ 97ರಷ್ಟು 40 ತೂಕದ್ದು. ಆದರೆ ಪ್ಲಾಸ್ಮಾದ ಆರ್ಗಾನ್ ತೂಕವೂ 40! ಯಂತ್ರಕ್ಕೆ ಇವೆರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಸಿಗುವುದೇ ಅಪರೂಪವಾದ 43 ತೂಕದ ಕ್ಯಾಲ್ಸಿಯಂ ಅನ್ನು ಹಿಡಿದು ಲೆಕ್ಕ ಹಾಕುತ್ತಾರೆ. ಬೇರಿಯಂಗೆ 138 ತೂಕದ್ದು. ಪಕ್ಕದಲ್ಲೇ, ಎಷ್ಟು ಏನಿದೆ ಎಂದು ಮೊದಲೇ ಗೊತ್ತಿರುವ ಒಂದು ಗಾಜಿನ ತುಂಡನ್ನಿಟ್ಟು ಆಗಾಗ ಅದನ್ನೂ ಅಳೆಯುತ್ತಾರೆ. ಅಂಗಡಿಯವನು ತಕ್ಕಡಿಯನ್ನು ಸರಿ ಮಾಡಿಕೊಂಡ ಹಾಗೆ.

ಕೊನೆಗೆ ಸಿಗುವುದು ಬಣ್ಣದ ನಕ್ಷೆ. ಅದರ ಮೇಲೆ ನಾಲ್ಕನೇ ಹೆಜ್ಜೆಯ ದಿನದ ಗೆರೆಗಳನ್ನು ಹೊಂದಿಸಿ ಇಟ್ಟಾಗ ಬಣ್ಣಕ್ಕೆ ವಯಸ್ಸು ಬರುತ್ತದೆ.

ಹೆಜ್ಜೆ 6: ಬೇರಿಯಂ ಓದಿ

ಬೇರಿಯಂ ಯಾಕೆ? ಕ್ಯಾಲ್ಸಿಯಂ, ಸ್ಟ್ರಾನ್ಶಿಯಂ, ಬೇರಿಯಂ ಮೂರೂ ಒಂದೇ ಕುಟುಂಬದವು. ಕ್ಯಾಲ್ಸಿಯಂ ಕೂರಬೇಕಾದ ಜಾಗದಲ್ಲಿ ಉಳಿದೆರಡೂ ನುಸುಳಿ ಕೂತುಬಿಡುತ್ತವೆ. ಗರ್ಭದಲ್ಲಿರುವಾಗ ಮಾಸು ಬೇರಿಯಂ ಅನ್ನು ಅಷ್ಟಾಗಿ ಒಳಗೆ ಬಿಡುವುದಿಲ್ಲ. ಹುಟ್ಟಿದ ಮೇಲೆ ಹಾಲಿನಲ್ಲಿ ಬರುವ ಬೇರಿಯಂ ಅನ್ನು ಮರಿಯ ಕರುಳು ಚೆನ್ನಾಗಿ ಹೀರಿಕೊಳ್ಳುತ್ತದೆ. ಎಲೆ, ಹಣ್ಣು, ತೊಗಟೆಯಿಂದ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ನಕ್ಷೆಯಲ್ಲಿ ಹುಟ್ಟಿನ ಗೆರೆಯವರೆಗೆ ಮಟ್ಟ ಕೆಳಗೆ, ದಾಟಿದ ಕೂಡಲೇ ಮೇಲೆ, ಬೇರೆ ಆಹಾರ ಶುರುವಾದಂತೆ ಮತ್ತೆ ಕೆಳಗೆ.

ಇದು ಬರೀ ಊಹೆಯಲ್ಲ. 2013ರಲ್ಲಿ ಕ್ರಿಸ್ಟೀನ್ ಆಸ್ಟಿನ್, ಮನೀಶ್ ಅರೋರಾ, ಟಾನ್ಯಾ ಸ್ಮಿತ್ ಮತ್ತು ಜೊತೆಗಾರರು ಇದನ್ನು ಮನುಷ್ಯರ ಮಕ್ಕಳ ಹಾಲು ಹಲ್ಲಿನಲ್ಲಿ, ಹಾಲುಣಿಸಿದ ದಾಖಲೆ ಇರುವ ಮಕಾಕ್ ಕೋತಿಗಳ ಹಲ್ಲಿನಲ್ಲಿ ಪರೀಕ್ಷಿಸಿದರು. ಒಂದು ಮಕಾಕ್ ಮರಿಗೆ 166ನೇ ದಿನ ಹಠಾತ್ತನೆ ತಾಯಿಹಾಲು ತಪ್ಪಿತ್ತು. ಹಲ್ಲಿನಲ್ಲೂ ಬೇರಿಯಂ ಅಲ್ಲೇ ದಢಕ್ಕನೆ ಇಳಿದಿತ್ತು. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಕೇಳಿ ಸಾಕ್ಷಿಯನ್ನು ಪರೀಕ್ಷಿಸುವುದು ಅಂದರೆ ಇದೇ.

ಇದೇ ಉಪಾಯವನ್ನು ಕಾಡಿನ ಒರಾಂಗುಟಾನ್‌ಗಳಿಗೆ ಹಾಕಿದ್ದು 2017ರಲ್ಲಿ. ಬೋರ್ನಿಯೋ ಮತ್ತು ಸುಮಾತ್ರಾ ಎರಡೂ ಕಡೆಯ ಹಲ್ಲುಗಳು. ಮೊದಲ ವರ್ಷ ಬೇರಿಯಂ ಏರುತ್ತಾ ಹೋಯಿತು, ಅಂದರೆ ಹಾಲೇ ಮುಖ್ಯ ಆಹಾರ. ಆಮೇಲೆ ಇಳಿಯಿತು. ಇಲ್ಲಿಯವರೆಗೆ ಎಲ್ಲರೂ ಕಾಯುತ್ತಿದ್ದ ಉತ್ತರವೇ. ಆದರೆ ಇಳಿದದ್ದು ಇಳಿದೇ ಇರಲಿಲ್ಲ! ಮತ್ತೆ ಏರಿತು, ಮತ್ತೆ ಇಳಿಯಿತು. ಹೆಚ್ಚು ಕಡಿಮೆ ವರ್ಷಕ್ಕೊಂದು ಅಲೆ. 8 ವರ್ಷ ದಾಟಿದ ಮೇಲೂ ಇತ್ತು, ಒಂದು ಪ್ರಾಣಿಯಲ್ಲಿ 8.8 ವರ್ಷದವರೆಗೆ.

ಇದಕ್ಕೆ ಅರ್ಥ ಕಾಡಿನಲ್ಲಿದೆ. ಆ ಕಾಡುಗಳಲ್ಲಿ ಹಣ್ಣು ಒಂದೇ ಸಮನಾಗಿ ಸಿಗುವುದಿಲ್ಲ. ಕೆಲವು ಕಾಲ ಮರಗಳೆಲ್ಲ ಒಟ್ಟಿಗೆ ಹಣ್ಣು ಬಿಟ್ಟು ಹಬ್ಬ, ಆಮೇಲೆ ತಿಂಗಳುಗಟ್ಟಲೆ ತೊಗಟೆ, ಎಲೆ ಜಗಿಯುವ ಬರಗಾಲ. ಹಣ್ಣಿದ್ದಾಗ ಮರಿ ತಾನೇ ತಿಂದುಕೊಳ್ಳುತ್ತದೆ. ಹಣ್ಣು ತೀರಿದಾಗ ತಾಯಿಯ ಹತ್ತಿರ ವಾಪಸ್ ಬರುತ್ತದೆ. ಹಾಲು ಅದಕ್ಕೆ ಕಷ್ಟಕಾಲದ ಗಂಟು. ಒರಾಂಗುಟಾನ್ ತಾಯಿ ಏಳೆಂಟು ವರ್ಷಕ್ಕೊಂದು ಮರಿ ಹೆರುವುದು ಯಾಕೆ ಎಂಬ ಹಳೆಯ ಪ್ರಶ್ನೆಗೂ ಇಲ್ಲಿ ಒಂದು ಎಳೆ ಸಿಗುತ್ತದೆ. ಕಾಡು ಕಡಿದು, ಹಣ್ಣಿನ ಮರ ಕಡಿಮೆಯಾದರೆ ಈ ಗಂಟಿನ ಮೇಲೆ ಬೀಳುವ ಭಾರ ಎಷ್ಟಿರಬಹುದು, ನೀವೇ ಯೋಚಿಸಿ.

ನಕ್ಷೆ ಓದುವಾಗ ಎರಡು ಎಚ್ಚರ. ಮೊದಲನೆಯದು, ಒಂದು ಪ್ರಾಣಿಯ ಬೇರಿಯಂ ಅಂಕಿಯನ್ನು ಇನ್ನೊಂದರ ಜೊತೆ ತೂಗಬೇಡಿ. ಮಣ್ಣು ಬೇರೆ, ನೀರು ಬೇರೆ. ಒಂದೇ ಪ್ರಾಣಿಯೊಳಗಿನ ಏರಿಳಿತ ಮಾತ್ರ ನೋಡಿ. ಎರಡನೆಯದು, ವರ್ಷಕ್ಕೊಂದು ಅಲೆ ಕಂಡ ಕೂಡಲೇ ಅದು ಹಾಲಿನದ್ದೇ ಎಂದು ಕುಣಿಯಬೇಡಿ. ಋತುವಿಗೆ ತಕ್ಕಂತೆ ತಿನ್ನುವ ಗಿಡ ಬದಲಾದರೂ ಅಲೆ ಬರಬಹುದಲ್ವಾ? ಅಲೆ ಎಲ್ಲಿಗೆ ನಿಲ್ಲುತ್ತದೆ ನೋಡಿ. ಕಾಡಿನಲ್ಲಿ ಮರಿಗಳು ಹಾಲು ಬಿಡುತ್ತವೆ ಎಂದು ಗಮನಿಸಿದ ವಯಸ್ಸಿನ ಆಸುಪಾಸಿನಲ್ಲೇ ಅದು ಮಾಯವಾದರೆ ಹಾಲಿನ ಕಡೆ ತೂಕ ಜಾಸ್ತಿ. ಮರಿ ದೊಡ್ಡದಾದ ಮೇಲೂ ಹಾಗೇ ಮುಂದುವರಿದರೆ ಅನುಮಾನ ಪಡಿ.

ಹೆಜ್ಜೆ 7: ಬೇರೆ ಸಾಕ್ಷಿ ಕರೆಯಿರಿ

ಮೊದಲು ಸ್ಟ್ರಾನ್ಶಿಯಂ. ತಾಯಿಯ ದೇಹ ಹಾಲು ಮಾಡುವಾಗ ಕ್ಯಾಲ್ಸಿಯಂ ಅನ್ನು ಆರಿಸಿ ಸ್ಟ್ರಾನ್ಶಿಯಂ ಅನ್ನು ಹಿಂದೆ ತಳ್ಳುತ್ತದೆ. ಹಾಗಾಗಿ ಹಾಲು ಕುಡಿಯುವ ಮರಿಯಲ್ಲಿ ಅದರ ಪಾಲು ಕಡಿಮೆ, ಗಿಡ ತಿನ್ನಲು ಶುರುಮಾಡಿದ ಮೇಲೆ ಏರುತ್ತದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಲೂಯಿಸ್ ಹಂಫ್ರೀ ಮತ್ತು ಜೊತೆಗಾರರು 2008ರಲ್ಲಿ ಹಲ್ಲಿನ ಎನಾಮೆಲ್‌ನಲ್ಲಿ ಇದನ್ನು ತೋರಿಸಿದರು. ಬೇರಿಯಂ ಇಳಿಯುವಾಗ ಸ್ಟ್ರಾನ್ಶಿಯಂ ಏರಿದರೆ ಸಾಕ್ಷಿ ಗಟ್ಟಿ.

ಆಮೇಲೆ ಸಾರಜನಕ. ಹಾಲು ಕುಡಿಯುವ ಮರಿ ಒಂದು ಅರ್ಥದಲ್ಲಿ ತಾಯಿಯನ್ನೇ ತಿನ್ನುತ್ತಿರುತ್ತದೆ. ಆಹಾರ ಸರಪಳಿಯಲ್ಲಿ ಒಂದು ಮೆಟ್ಟಿಲು ಮೇಲೆ. ಅದಕ್ಕೆ ಅದರ ದೇಹದಲ್ಲಿ ಭಾರದ ಸಾರಜನಕದ ಪ್ರಮಾಣ ತಾಯಿಗಿಂತ ಸಾವಿರಕ್ಕೆ 2–3 ಭಾಗ ಜಾಸ್ತಿ. ಇದನ್ನು ಡೆಂಟಿನ್‌ನಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನ್‌ನಲ್ಲಿ ಅಳೆಯಬಹುದು. ಹಲ್ಲೇ ಬೇಕೆಂದೂ ಇಲ್ಲ. ಉಗಾಂಡಾದ ಕಿಬಾಲೆ ಕಾಡಿನಲ್ಲಿ ಚಿಂಪಾಂಜಿ ಮರಿಗಳ ಹಿಕ್ಕೆ ಆರಿಸಿ ಇದೇ ಬಗೆಯ ಲೆಕ್ಕ ಮಾಡಿದ್ದಾರೆ.

ಅದೇ ಕಾಡಿನಿಂದ ಬಂದ ಇನ್ನೊಂದು ಪಾಠ ನೆನಪಿಡಿ. ಮೊದಲ ದವಡೆ ಹಲ್ಲು ಮೂಡುವುದಕ್ಕೂ ಹಾಲು ಬಿಡುವುದಕ್ಕೂ ನೇರ ನಂಟಿದೆ ಎಂದು ಬಹಳ ಜನ ನಂಬಿದ್ದರು. ಹಲ್ಲು ಬಂತು, ಹಾಲು ಹೋಯಿತು ಎಂಬ ಲೆಕ್ಕ. ಕಿಬಾಲೆಯ ಕಾನ್ಯಾವಾರಾದಲ್ಲಿ ಚಿಂಪಾಂಜಿ ಮರಿಗಳು ಬಾಯಿ ತೆರೆದಾಗ ತೆಗೆದ ಫೋಟೋಗಳನ್ನು ನೋಡಿದರೆ, 3.3 ವರ್ಷದ ಹೊತ್ತಿಗೆ ಹಲ್ಲು ಬಂದಿತ್ತು. ಮರಿಗಳು ಮಾತ್ರ ಆಮೇಲೂ ಹಾಲು ಕುಡಿಯುತ್ತಲೇ ಇದ್ದವು. ಹಲ್ಲು ಬಂದ ದಿನ ನೋಡಿ ಹಾಲು ಬಿಟ್ಟ ದಿನ ಹೇಳುವ ಅಡ್ಡದಾರಿ ಬೇಡ.

ಹೆಜ್ಜೆ 8: ನಿಮ್ಮ ನಕ್ಷೆಯನ್ನೇ ಅನುಮಾನಿಸಿ

ಎನಾಮೆಲ್ ಒಂದೇ ಸಲಕ್ಕೆ ಗಟ್ಟಿಯಾಗುವುದಿಲ್ಲ. ಮೊದಲು ಚೌಕಟ್ಟು, ಆಮೇಲೆ ತಿಂಗಳುಗಟ್ಟಲೆ ಖನಿಜ ತುಂಬಿಕೊಳ್ಳುತ್ತದೆ. ಅಂದರೆ ಜನವರಿಯ ಪುಟದ ಮೇಲೆ ಜೂನ್ ತಿಂಗಳ ಶಾಯಿಯೂ ಒಂದಿಷ್ಟು ಬಿದ್ದಿರುತ್ತದೆ. ಹಾಗಾಗಿ "427ನೇ ದಿನ" ಎಂಬಂಥ ಖಚಿತ ಉತ್ತರ ಕೊಡುವ ಆಸೆ ಬಿಡಿ. ಡೆಂಟಿನ್‌ನಲ್ಲಿ ಈ ಕಲಸುಮೇಲೋಗರ ಕಡಿಮೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಪ್ರಾಣಿ ಹಸಿದಾಗ, ಕಾಯಿಲೆ ಬಿದ್ದಾಗ ಅದರ ಮೂಳೆಯಲ್ಲಿ ಕೂತಿದ್ದ ಧಾತುಗಳು ಕರಗಿ ರಕ್ತಕ್ಕೆ ಬರಬಹುದು. ಬೇರಿಯಂ ಏರಿದ ಜಾಗದಲ್ಲೇ ಒಂದು ಗಾಢ ಗೆರೆಯೂ ಇದ್ದರೆ, ಹಾಲು ಎನ್ನುವ ಮೊದಲು ಎರಡು ಸಲ ಯೋಚಿಸಿ.

ಪಳೆಯುಳಿಕೆಯಾದರೆ ಮಣ್ಣಿನ ಕಾಟ ಬೇರೆ. ಅಂತರ್ಜಲ ಹಲ್ಲಿನೊಳಗೆ ಇಳಿದು ತನ್ನ ಧಾತುಗಳನ್ನು ಬಿಟ್ಟುಹೋಗುತ್ತದೆ. ಇದನ್ನು ಹಿಡಿಯಲು ಯುರೇನಿಯಂ, ಮ್ಯಾಂಗನೀಸ್‌ಗಳ ನಕ್ಷೆಯನ್ನೂ ತೆಗೆಯಿರಿ. ಬದುಕಿದ್ದ ಹಲ್ಲಿನಲ್ಲಿ ಯುರೇನಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದು ಕಂಡ ಕಡೆ ಬೇರಿಯಂ ಮಾತನ್ನೂ ನಂಬಬೇಡಿ. ಬೇರಿಯಂ ಪಟ್ಟಿಗಳು ದಿನದ ಗೆರೆಗಳ ಓಟವನ್ನೇ ಅನುಸರಿಸುತ್ತಿವೆಯಾ? ಹಾಗಿದ್ದರೆ ಒಳ್ಳೆಯದು. ಬಿರುಕಿನ ಸುತ್ತ, ಅಂಚಿನ ಸುತ್ತ ಕಲೆಯ ಹಾಗೆ ಹರಡಿದ್ದರೆ ಅದು ಮಣ್ಣಿನ ಕೆಲಸ.

ಹೆಜ್ಜೆ 9: ಹಳೆಯ ಹಲ್ಲುಗಳಿಗೆ ಹೋಗುವುದಾದರೆ

ದಕ್ಷಿಣ ಆಫ್ರಿಕಾದ ಸ್ಟರ್ಕ್‌ಫಾಂಟೀನ್ ಗುಹೆಯಲ್ಲಿ ಸಿಕ್ಕ, 20 ಲಕ್ಷ ವರ್ಷಕ್ಕೂ ಹಳೆಯದಾದ ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್ ಹಲ್ಲುಗಳನ್ನು ಹೀಗೆ ಓದಿ 2019ರಲ್ಲಿ ಪ್ರಕಟಿಸಿದರು. ಮೊದಲ ವರ್ಷ ಮುಖ್ಯವಾಗಿ ಹಾಲು, ಆಮೇಲೆ ಒರಾಂಗುಟಾನ್‌ನ ಹಾಗೆ ಮರಳಿ ಮರಳಿ ಬರುವ ಅಲೆ. ಮನುಷ್ಯರ ಸಾಲಿಗೆ ಸೇರುವ ಜೀವಿಯ ಹಲ್ಲಿನಲ್ಲಿ ಏಷ್ಯಾದ ವಾನರದ ಮಾದರಿ!

ಅಳಿದುಹೋದ ನಮ್ಮ ಹತ್ತಿರದ ನೆಂಟರಾದ ನಿಯಾಂಡರ್ತಲ್‌ರ ಮಕ್ಕಳ ಕತೆ ಇನ್ನೊಂದು ಥರ. ಬೆಲ್ಜಿಯಂನ ಸ್ಕ್ಲಾಡಿನಾ ಗುಹೆಯ ಮಗು 7 ತಿಂಗಳು ಬರೀ ಹಾಲು, ಇನ್ನೊಂದು 7 ತಿಂಗಳು ಹಾಲು ಮತ್ತು ಬೇರೆ ಆಹಾರ, ಆಮೇಲೆ ಸುಮಾರು 1.2 ವರ್ಷಕ್ಕೆ ಹಠಾತ್ತನೆ ಹಾಲು ಬಂದ್. ಫ್ರಾನ್ಸ್‌ನ ಪಾಯ್ರ್‌ನಲ್ಲಿ ಸಿಕ್ಕ, ಸುಮಾರು 2.5 ಲಕ್ಷ ವರ್ಷ ಹಿಂದಿನ ಇನ್ನೊಂದು ಮಗು 2.5 ವರ್ಷದವರೆಗೆ ಕುಡಿದಿತ್ತು. ಇಬ್ಬರಲ್ಲಿ "ನಿಜವಾದ" ನಿಯಾಂಡರ್ತಲ್ ಯಾರು? ಇಬ್ಬರೂ ಹೌದು. ಮೊದಲ ಮಗುವಿನ ತಾಯಿ ಸತ್ತುಹೋಗಿರಬಹುದು, ಕಾಯಿಲೆ ಬಿದ್ದಿರಬಹುದು. ಒಂದು ಹಲ್ಲು ಒಂದು ಮಗುವಿನ ಕತೆ. ಅದನ್ನು ಇಡೀ ಕುಲದ ಪದ್ಧತಿ ಎಂದು ಬರೆದವರನ್ನು ನಾನಂತೂ ನಂಬುವುದಿಲ್ಲ.

ನಮ್ಮ ಕಡೆಯೂ ಹಲ್ಲುಗಳಿವೆ. ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಲ್ಲಿ, ಹಿಮಾಚಲದ ಹರಿತಲ್ಯಾಂಗರ್ ಸುತ್ತ, ಒರಾಂಗುಟಾನ್‌ಗೆ ನಂಟಿರುವ, ಈಗ ಅಳಿದುಹೋದ ವಾನರ ಶಿವಪಿಥೆಕಸ್‌ನ ಪಳೆಯುಳಿಕೆ ಸಿಕ್ಕಿವೆ. ಬದುಕಿರುವ ವಾನರ ನೋಡಬೇಕೆಂದರೆ ಭಾರತದಲ್ಲಿ ಇರುವುದು ಈಶಾನ್ಯದ ಹೂಲಾಕ್ ಗಿಬ್ಬನ್ ಮಾತ್ರ.

ಹೆಜ್ಜೆ 10: ಬರೆದಿಡಿ

ಮೊದಲ ಹೆಜ್ಜೆಯ ಮೂರು ಸಾಲುಗಳಿಗೆ ಈಗ ವಾಪಸ್ ಬನ್ನಿ. ಪ್ರತಿಯೊಂದಕ್ಕೂ ವಯಸ್ಸು ಬರೆಯಿರಿ, ಜೊತೆಗೆ ಎಷ್ಟು ತಿಂಗಳು ಆಚೀಚೆ ಆಗಬಹುದು ಎಂಬುದನ್ನೂ. ಹಲ್ಲು ಬೆಳೆದು ಮುಗಿದ ಮೇಲೂ ಬೇರಿಯಂ ಅಲೆ ನಿಂತಿರದಿದ್ದರೆ, ಮೂರನೇ ಸಾಲಿನಲ್ಲಿ "ಇಷ್ಟು ವರ್ಷದವರೆಗಂತೂ ಕುಡಿಯುತ್ತಿತ್ತು" ಎಂದಷ್ಟೇ ಹಾಕಿ. ಮರಿ ಹಾಲು ಬಿಡುವ ಮೊದಲೇ ಸತ್ತಿದ್ದರೂ ಅಷ್ಟೇ.

ಉಳಿದ ಅರ್ಧ ಹಲ್ಲನ್ನು ಬಿಸಾಡಬೇಡಿ. ಯಾವ ಪ್ರಾಣಿ, ಎಡವೋ ಬಲವೋ, ಎಷ್ಟನೇ ದವಡೆ ಹಲ್ಲು, ಎಲ್ಲಿ ಕೊಯ್ದದ್ದು, ಲೇಸರ್ ಎಲ್ಲೆಲ್ಲಿ ಹಾದಿದೆ ಎಂದು ಚೀಟಿ ಬರೆದು, ಅಚ್ಚು ಮತ್ತು ಫೋಟೋ ಜೊತೆ ಅದೇ ಡಬ್ಬಿಯಲ್ಲಿಟ್ಟು ವಸ್ತುಸಂಗ್ರಹಾಲಯಕ್ಕೆ ಮರಳಿಸಿ.